ಕೈ ನಮ್ಮದು, ಉತ್ತರ ಅವರದು

ಪರೀಕ್ಷೆಯ ಕಾಲ ಹತ್ತಿರ ಬಂತೆಂದರೆ ಕಾಲೇಜು ಮಕ್ಕಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ‘ಅಂಧ ಅಭ್ಯರ್ಥಿಯೊಬ್ಬರಿಗೆ ಸ್ಕ್ರೈಬ್ ಬೇಕಾಗಿದ್ದಾರೆ. ಸೋಮವಾರ ಬೆಳಿಗ್ಗೆ. ಕನ್ನಡ ಮಾಧ್ಯಮ. ಅಕ್ಷರ ದುಂಡಗಿರಬೇಕು. ತುರ್ತು.’ ಅದರ ಕೆಳಗೆ ಕೈಮುಗಿದ ಚಿತ್ರಗಳು, ಕೆಂಪು ಹೃದಯಗಳು ಸಾಲುಗಟ್ಟುತ್ತವೆ. ಇನ್ನೊಂದು ಗುಂಪಿಗೆ ದಾಟಿಸಿ ಪುಣ್ಯ ಕಟ್ಟಿಕೊಳ್ಳುವವರೂ ಬೇಕಾದಷ್ಟು ಮಂದಿ. ಭಾನುವಾರ ಸಂಜೆ ಅದೇ ಸಂದೇಶ ‘ಇನ್ನೂ ಯಾರೂ ಸಿಕ್ಕಿಲ್ಲ’ ಎಂಬ ಸಾಲನ್ನು ತಲೆಯ ಮೇಲೆ ಹೊತ್ತುಕೊಂಡು ವಾಪಸು ಬರುತ್ತದೆ.

ಕಣ್ಣು ಕಾಣದವರು, ಕೈ ಸ್ವಾಧೀನವಿಲ್ಲದವರು ಪರೀಕ್ಷಾ ಕೊಠಡಿಯಲ್ಲಿ ಬಾಯಿಂದ ಉತ್ತರ ಹೇಳುತ್ತಾರೆ. ಪಕ್ಕದಲ್ಲಿ ಕುಳಿತು ಅದನ್ನು ಕಾಗದಕ್ಕೆ ಇಳಿಸುವವರು ಸ್ಕ್ರೈಬ್. ಲಿಪಿಕಾರ ಎಂಬ ಹಳೆಯ ಮಾತು ನಮ್ಮಲ್ಲಿದ್ದರೂ ಹುಡುಗರ ಬಾಯಲ್ಲಿ ನಿಂತಿರುವುದು ಇದೇ. ಕೆಲವೆಡೆ ಸಣ್ಣ ಗೌರವಧನ ಉಂಟು, ಬಹಳ ಕಡೆ ಅದೂ ಇಲ್ಲ. ಹಾರ, ವೇದಿಕೆ, ಬ್ಯಾನರ್ ಯಾವುದೂ ಇಲ್ಲ. ಮೊಬೈಲನ್ನು ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕಾದ್ದರಿಂದ ಸೆಲ್ಫಿಯೂ ಇಲ್ಲ. ಈ ಕಾಲದಲ್ಲಿ ಫೋಟೊ ತೆಗೆಯಲಾಗದ ಸಮಾಜಸೇವೆಗಳು ಕಡಿಮೆ. ಇದು ಅವುಗಳಲ್ಲೊಂದು.

ಕಾಲೇಜು ಮಕ್ಕಳ ಸೇವೆ ಎಂದರೆ ನಮ್ಮಂಥ ಗೃಹಸ್ಥರಿಗೆ ಮೊದಲು ನೆನಪಾಗುವುದು ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ. ದತ್ತು ಗ್ರಾಮದ ಶಾಲೆಯಲ್ಲಿ ಏಳು ದಿನದ ವಾಸ, ನಸುಕಿನಲ್ಲಿ ಪ್ರಭಾತಫೇರಿ, ಧ್ವಜವಂದನೆ, ಉಪ್ಪಿಟ್ಟು, ಬಿಸಿಲೇರುವ ತನಕ ಶ್ರಮದಾನ, ಮಧ್ಯಾಹ್ನ ತೂಕಡಿಕೆಯ ನಡುವೆ ಯಾರಾದರೊಬ್ಬರ ಉಪನ್ಯಾಸ, ರಾತ್ರಿ ಊರವರ ಎದುರು ಹಾಡು, ಪ್ರಹಸನ. ಈ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ. ಶುರುಮಾಡಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ ಈ ಅರ್ಥಶಾಸ್ತ್ರಜ್ಞರು ಲೋಕಸಭೆಗೆ ಹೋದದ್ದು ನಮ್ಮ ಬಳ್ಳಾರಿಯಿಂದ. ಬೆಂಗಳೂರಿನ ಐಸೆಕ್ ಸಂಸ್ಥೆಯನ್ನು 1972ರಲ್ಲಿ ಹುಟ್ಟುಹಾಕಿದವರೂ ಅವರೇ. ಮೊದಲ ವರ್ಷ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಕೆಲಸ ಆರಂಭವಾಯಿತು.

ಅದಕ್ಕೂ ಮೊದಲು ಎರಡು ದಶಕ ದೇಶದ ಹಿರಿಯರು ಈ ವಿಷಯವನ್ನು ಚರ್ಚಿಸಿದ್ದರು. 1959ರಲ್ಲಿ ಸಿ.ಡಿ. ದೇಶಮುಖ್ ಅವರ ನೇತೃತ್ವದಲ್ಲಿ ನೇಮಕವಾದ ಸಮಿತಿ, ವಿದ್ಯಾರ್ಥಿಗಳು ಒಂಬತ್ತು ತಿಂಗಳಿನಿಂದ ಒಂದು ವರ್ಷದವರೆಗೆ ಕಡ್ಡಾಯವಾಗಿ ಸೇವೆ ಮಾಡಲಿ ಎಂದಿತು. ಅದಕ್ಕೆ ತಗಲುವ ಖರ್ಚನ್ನು ನೆನೆದೇ ಸರಕಾರ ಹಿಂಜರಿಯಿತು. ಬಳಿಕ ಬೇರೆ ಬೇರೆ ದೇಶಗಳ ಪದ್ಧತಿಗಳನ್ನು ನೋಡಿ ಬಂದ ಕೆ.ಜಿ. ಸಯ್ಯಿದೈನ್ ಅವರು ಒತ್ತಾಯ ಬೇಡ, ಮನಸ್ಸಿದ್ದವರು ಬರಲಿ ಎಂದು ಬರೆದರು. ನನಗೇನೋ ಸಯ್ಯಿದೈನ್ ಅವರ ಮಾತೇ ಸರಿ ಎನಿಸುತ್ತದೆ. ಕಡ್ಡಾಯವಾದ ದಿನವೇ ಸೇವೆ ಹಾಜರಿ ಪುಸ್ತಕವಾಗುತ್ತದೆ. ಈಗಲೂ ಅದರ ಅಪಾಯ ಪೂರ್ತಿ ತಪ್ಪಿಲ್ಲ ಅನ್ನಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಎಂಬ ಲೆಕ್ಕವಿದೆ, ಲೆಕ್ಕದ ತುದಿಯಲ್ಲಿ ಪ್ರಮಾಣಪತ್ರವಿದೆ. ಕೊನಾರ್ಕದ ರಥಚಕ್ರದ ಲಾಂಛನ ಎದೆಯ ಮೇಲೆ, ‘ನನಗಲ್ಲ, ನಿನಗೆ’ ಎಂಬ ಘೋಷವಾಕ್ಯ ಬಾಯಲ್ಲಿ.

ಶಿಬಿರಗಳನ್ನು ಹಗುರವಾಗಿ ಕಾಣುವವನಲ್ಲ ನಾನು. ಮನೆಯಲ್ಲಿ ತಟ್ಟೆ ಎತ್ತದ ಹುಡುಗ ಅಲ್ಲಿ ಐವತ್ತು ಮಂದಿಯ ಸಾರಿನ ಪಾತ್ರೆ ತಿಕ್ಕುತ್ತಾನೆ. ಊರ ಅಜ್ಜಿಯೊಬ್ಬಳು ಕರೆದು ಮಜ್ಜಿಗೆ ಕೊಡುತ್ತಾಳೆ. ಯಾವ ಕೇರಿಗೆ ನೀರು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಸಮಾಜಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತದೆ. ಆದರೆ ಲಾಭ ಯಾರಿಗೆ ಹೆಚ್ಚಾಯಿತು ಎಂದು ಪ್ರಾಮಾಣಿಕವಾಗಿ ಕೇಳಿದರೆ ಶಿಬಿರಾರ್ಥಿಗೆ ಎನ್ನಬೇಕು. ಶಿಬಿರದ ತಾರೀಖು ಕಾಲೇಜು ಗೊತ್ತುಮಾಡಿದ್ದು, ಗುಡಿಸುವ ರಸ್ತೆ ಕಾರ್ಯಕ್ರಮಾಧಿಕಾರಿ ಆರಿಸಿದ್ದು, ಸಮಾರೋಪಕ್ಕೆ ಬರುವ ಅತಿಥಿ ಪ್ರಾಂಶುಪಾಲರ ಪರಿಚಯದವರು. ಊರು ತನಗೆ ಬಂದದ್ದನ್ನು ಸ್ವೀಕರಿಸುತ್ತದೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ, ಕಲಿಕೆಯ ಮೊದಲ ಪಾಠ ಹಾಗೆಯೇ ಇರಬೇಕು. ಎರಡನೆಯ ಪಾಠ ಎಲ್ಲಿ ಸಿಗುತ್ತದೆ ಎಂದು ಯೋಚಿಸಿದಾಗ ನನಗೆ ಕಂಡದ್ದು ಈ ಸ್ಕ್ರೈಬ್ ಕೆಲಸ. ಇಲ್ಲಿ ದಿನ ನಮ್ಮದಲ್ಲ, ವಿಷಯ ನಮ್ಮದಲ್ಲ, ಬರೆಯುವ ಒಂದು ವಾಕ್ಯವೂ ನಮ್ಮದಲ್ಲ.

ಇದರ ನಿಯಮಗಳನ್ನು ನೋಡಿದರೆ ಒಂದು ಸ್ವಾರಸ್ಯವಿದೆ. ಕೇಂದ್ರ ಸರಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಭ್ಯರ್ಥಿ ತಾನೇ ಲಿಪಿಕಾರರನ್ನು ಕರೆತಂದರೆ, ಆ ಲಿಪಿಕಾರರ ಓದು ಅಭ್ಯರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಪದವೀಧರರು ಬರೆಯುವ ನೇಮಕಾತಿ ಪರೀಕ್ಷೆಗೆ ಇನ್ನೂ ಪದವಿ ಓದುತ್ತಿರುವ ಹುಡುಗಿ ಕೂರಬಹುದಿತ್ತು, ಎಂ.ಎ. ಮುಗಿಸಿದ ಅಣ್ಣ ಕೂರುವಂತಿರಲಿಲ್ಲ. ವಿವರಗಳು ಕಾಲದಿಂದ ಕಾಲಕ್ಕೆ, ಪರೀಕ್ಷೆಯಿಂದ ಪರೀಕ್ಷೆಗೆ ಒಂದಿಷ್ಟು ಬದಲಾಗುತ್ತವೆ, ತತ್ತ್ವ ಇದೇ. ಸಾಮಾನ್ಯವಾಗಿ ಸೇವೆ ಎಂದರೆ ಗೊತ್ತಿರುವವರು ಗೊತ್ತಿಲ್ಲದವರಿಗೆ, ಇರುವವರು ಇಲ್ಲದವರಿಗೆ ಕೊಡುವುದು ಎಂದು ನಾವು ತಿಳಿದಿದ್ದೇವೆ. ಟ್ಯೂಷನ್ ಹೇಳಿಕೊಡುವುದು, ಅರಿವು ಮೂಡಿಸುವುದು, ಬಟ್ಟೆ ಹಂಚುವುದು ಎಲ್ಲವೂ ಮೇಲಿನಿಂದ ಕೆಳಕ್ಕೆ ಹರಿಯುವ ನೀರು. ಈ ಒಂದು ಕೆಲಸದಲ್ಲಿ ಮಾತ್ರ ಸಹಾಯ ಮಾಡುವವರಿಗೆ ಕಡಿಮೆ ತಿಳಿದಿರಬೇಕು ಎಂದು ನಿಯಮವೇ ಹೇಳುತ್ತದೆ. ಕುರ್ಚಿಯಲ್ಲಿ ಕೂತ ಇಬ್ಬರಲ್ಲಿ ಬಲ್ಲವರು ಕಣ್ಣು ಕಾಣದವರು.

ಇದನ್ನು ಬಾಯಲ್ಲಿ ಒಪ್ಪುವುದು ಸುಲಭ, ಮನಸ್ಸಿಗೆ ಒಗ್ಗಿಸಿಕೊಳ್ಳುವುದು ಕಷ್ಟ. ರಸ್ತೆ ದಾಟಲು ನಿಂತ ಅಂಧರ ತೋಳನ್ನು ಕೇಳದೆ ಹಿಡಿದು ಎಳೆಯುವವರು ನಾವು. ಅವರ ಜೊತೆಯಲ್ಲಿರುವವರನ್ನು ನೋಡಿ ‘ಇವರಿಗೆ ಕಾಫಿಗೆ ಸಕ್ಕರೆ ಹಾಕಬೇಕಾ?’ ಎಂದು ಕೇಳುವವರೂ ನಾವೇ. ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ನಾಡು ನಮ್ಮದು. ಪಂಚಾಕ್ಷರ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅವರ ಕಾಲ ಬುಡದಲ್ಲಿ ಕೂತು ಕಲಿತ ಮಕ್ಕಳಲ್ಲಿ ಎಷ್ಟೋ ಮಂದಿಗೂ ಕಣ್ಣಿರಲಿಲ್ಲ. ಅಲ್ಲಿ ಕೊಟ್ಟವರು ಯಾರು, ಪಡೆದವರು ಯಾರು? ಕಣ್ಣುಳ್ಳವರೂ ಹೋಗಿ ಶಿಷ್ಯರಾದರು. ಅಷ್ಟು ದೊಡ್ಡ ಉದಾಹರಣೆ ಮನೆಯಂಗಳದಲ್ಲೇ ಇದ್ದರೂ ಅಂಧರೆಂದರೆ ಪಡೆಯುವವರು ಎಂಬ ಎಣಿಕೆ ನಮ್ಮನ್ನು ಬಿಟ್ಟು ಹೋಗಿಲ್ಲ.

ಕೊಠಡಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ನಮ್ಮ ಬೀದಿಯ ಬಿ.ಕಾಂ. ಓದುವ ಹುಡುಗಿಯೊಬ್ಬಳಿಂದ ಕೇಳಿ ತಿಳಿದೆ. ಉತ್ತರ ಹೇಳುವ ದನಿ ಬೇರೆಯವರಿಗೆ ಕೇಳಬಾರದೆಂದು ಇಂಥವರಿಗೆ ಪ್ರತ್ಯೇಕ ಕೊಠಡಿ ಇರುತ್ತದೆ. ಗಂಟೆಗೆ ಕನಿಷ್ಠ 20 ನಿಮಿಷದಂತೆ ಹೆಚ್ಚುವರಿ ಸಮಯವಿದೆ. ಹಾಗಾಗಿ ಮೂರು ಗಂಟೆಯ ಪರೀಕ್ಷೆ ಇವರಿಗೆ ನಾಲ್ಕು ಗಂಟೆಯದು. ಮೊದಲಿಗೆ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಹೇಳಬೇಕು. ಯಾವ ಪ್ರಶ್ನೆಗೆ ಎಷ್ಟು ಅಂಕ, ಎಲ್ಲಿ ‘ಅಥವಾ’ ಇದೆ ಎಂಬುದನ್ನೂ ಬಿಡುವಂತಿಲ್ಲ. ಕಣ್ಣಿರುವವರು ಪತ್ರಿಕೆಯ ಮೇಲೆ ಒಮ್ಮೆ ನೋಟ ಹಾಯಿಸಿ ಯಾವುದನ್ನು ಮೊದಲು ಬರೆಯಬೇಕೆಂದು ನಿರ್ಧರಿಸುತ್ತಾರೆ. ಕೇಳಿ ತಿಳಿಯುವವರು ಇಡೀ ಪತ್ರಿಕೆಯನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ‘ನಾಲ್ಕನೆಯದನ್ನು ಇನ್ನೊಮ್ಮೆ ಓದು’ ಎಂದರೆ ಮುಖ ಸಿಂಡರಿಸದೆ ಓದಬೇಕು. ಆಮೇಲೆ ಬರವಣಿಗೆ. ಇಲ್ಲಿ ಅಲ್ಪವಿರಾಮ, ಇಲ್ಲಿ ಹೊಸ ಪ್ಯಾರಾ, ಈ ಪದದ ಕೆಳಗೆ ಗೆರೆ. ಅರ್ಧಕ್ಕೆ ನಿಲ್ಲಿಸಿ ‘ಎಲ್ಲಿಗೆ ಬಂದೆವು, ಓದು’ ಎಂದರೆ ಹಿಂದಿನ ಎರಡು ವಾಕ್ಯ ಓದಿ ಹೇಳಬೇಕು. ಎಷ್ಟು ಪುಟ ಆಯಿತು, ಎಷ್ಟು ಹೊತ್ತು ಉಳಿದಿದೆ ಎಂದು ಕೇಳಿದಾಗಲೆಲ್ಲ ಹೇಳುತ್ತಿರಬೇಕು. ಮೂರನೆಯ ಗಂಟೆಗೆ ಬೆರಳ ಗೆಣ್ಣುಗಳು ನೋಯತೊಡಗುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕುಂಟು. ಅಭ್ಯರ್ಥಿ ‘ಬಾರತ’ ಎಂದು ಉಚ್ಚರಿಸಿದರೆ ಮಹಾಪ್ರಾಣ ಹಾಕಬೇಕೆ? ‘ಹಾಗ’ ಎಂದರೆ ಹಕಾರವನ್ನು ಉಳಿಸಬೇಕೆ? ಬ್ರೈಲ್‌ನಲ್ಲಿ ಓದಿ ಬೆಳೆದವರಿಗೆ ಪ್ರತಿ ಅಕ್ಷರವೂ ಬೆರಳಿಗೆ ಗೊತ್ತಿರುತ್ತದೆ, ಅವರು ನಮಗಿಂತ ಶುದ್ಧವಾಗಿ ಹೇಳಿಕೊಡುತ್ತಾರೆ. ಧ್ವನಿಮುದ್ರಿಕೆ ಕೇಳಿಯೇ ಕಲಿತವರಿಗೆ ಕಾಗುಣಿತ ಕಿವಿಯ ಅಂದಾಜು. ಆಡಿದ ಮಾತಿನಂತೆ ಬರೆದರೆ ಅಂಕ ಹೋಗಬಹುದು, ತಿದ್ದಿ ಬರೆದರೆ ಯಾರ ಕನ್ನಡಕ್ಕೆ ಅಂಕ ಬಂತು ಎಂಬ ಪ್ರಶ್ನೆ. ಅನುಮಾನವಿದ್ದಲ್ಲಿ ಕೊಠಡಿಯ ಮೇಲ್ವಿಚಾರಕರನ್ನು ಆರಂಭದಲ್ಲೇ ಕೇಳಿಕೊಳ್ಳುವುದು ಮೇಲು ಎಂದು ಆ ಹುಡುಗಿಯ ಅಭಿಪ್ರಾಯ. ನನಗೂ ಸರಿ ಕಂಡಿತು.

ಇದೆಲ್ಲ ಕೈಯ ಕಷ್ಟ. ನಿಜವಾದ ಕಷ್ಟ ಬೇರೆ ಇದೆ. ಅಭ್ಯರ್ಥಿ ಹೇಳುತ್ತಿರುವ ಉತ್ತರ ತಪ್ಪು ಎಂದು ಬರೆಯುವವರಿಗೆ ಗೊತ್ತಿರುತ್ತದೆ. ಓದು ಒಂದು ಮೆಟ್ಟಿಲು ಕೆಳಗಿನದಾದರೂ ಒಂದು ಇಸವಿ, ಒಂದು ರಾಜಧಾನಿಯ ಹೆಸರು ಯಾರಿಗೆ ತಿಳಿಯದು? ಕೈ ತಪ್ಪು ಇಸವಿಯನ್ನು ಬರೆಯುತ್ತಿದೆ, ತಲೆಯಲ್ಲಿ ಸರಿಯಾದದ್ದು ಕುಣಿಯುತ್ತಿದೆ. ಪಕ್ಕದಲ್ಲಿ ಕೂತವರಿಗೆ ಕಣ್ಣಿಲ್ಲ, ಎರಡು ಅಂಕಿ ತಿದ್ದಿದರೆ ಅವರಿಗೆ ತಿಳಿಯುವುದೂ ಇಲ್ಲ. ಆ ಹೊತ್ತಿನಲ್ಲಿ ಮನಸ್ಸು ಬಹಳ ಚೆಂದದ ವಾದ ಹೂಡುತ್ತದೆ. ಪಾಪ, ಎಷ್ಟು ಕಷ್ಟಪಟ್ಟು ಓದಿದ್ದಾರೆ. ನಾನೇನು ನನಗಾಗಿ ಮಾಡುತ್ತಿದ್ದೇನೆಯೇ? ‘ನನಗಲ್ಲ, ನಿನಗೆ’ ಎಂಬ ಮಾತನ್ನೇ ಆಗ ಸಾಕ್ಷಿಗೆ ಕರೆಯಬಹುದು.

ಆ ‘ಪಾಪ’ ಎಂಬಲ್ಲೇ ತಪ್ಪಿರುವುದು. ತಿದ್ದಿ ಬರೆದ ಕ್ಷಣದಿಂದ ಆ ಉತ್ತರ ಅವರದಲ್ಲ. ಸಿಕ್ಕ ಅಂಕ ಅವರದಲ್ಲ, ನಾಳೆ ಕೆಲಸ ಸಿಕ್ಕರೆ ಅದರ ಒಂದು ಮೂಲೆಯೂ ಅವರದಲ್ಲ. ಅದಕ್ಕಿಂತ ದೊಡ್ಡ ನಷ್ಟ ಹಿಂದೆ ಬರುವವರದು. ಅಂಧ ವಿದ್ಯಾರ್ಥಿಗೆ ಒಳ್ಳೆಯ ಅಂಕ ಬಂದಾಗ ‘ಬರೆದವರು ಯಾರೋ ಜಾಣರಿರಬೇಕು’ ಎಂದು ನಗುವ ಜನ ಈಗಲೂ ಇದ್ದಾರೆ. ಕರುಣೆ ಹೆಚ್ಚಾಗಿ ತಿದ್ದಿದ ಪ್ರತಿಯೊಬ್ಬ ಲಿಪಿಕಾರನೂ ಆ ನಗುವಿಗೆ ಪುರಾವೆ ಒದಗಿಸುತ್ತಾನೆ. ಒಂದು ಮೆಟ್ಟಿಲು ಕೆಳಗಿನ ಓದು ಎಂಬ ನಿಯಮ ಬಂದದ್ದೇ ಈ ಅನುಮಾನದಿಂದ. ಆ ನಿಯಮದಿಂದಾಗಿ ವಿಜ್ಞಾನ, ಗಣಿತದ ಪರೀಕ್ಷೆಗಳಲ್ಲಿ ಚಿಹ್ನೆಗಳನ್ನು ಸರಿಯಾಗಿ ಓದಬಲ್ಲ ಸಹಾಯಕರು ಸಿಗುವುದು ಕಷ್ಟವಾಗುತ್ತದೆ. ಯಾರದೋ ಔದಾರ್ಯದ ದಂಡವನ್ನು ಇನ್ಯಾರೋ ತೆರುತ್ತಾರೆ.

ತಿದ್ದದಿದ್ದರೂ ಸುಮ್ಮನಿರುವುದು ಸುಲಭವಲ್ಲ. ಕಣ್ಣು ಕಾಣದವರ ಕಿವಿ ಕಾಗದದ ಮೇಲೆ ಪೆನ್ನು ಸರಿಯುವ ಸದ್ದನ್ನೂ ಹಿಡಿಯುತ್ತದೆ. ತಪ್ಪು ಉತ್ತರ ಬಂದಾಗ ಪೆನ್ನು ಅರೆಗಳಿಗೆ ನಿಂತರೆ ಸಾಕು, ‘ಯಾಕೆ, ತಪ್ಪಾಯಿತೇ?’ ಎಂದು ಅವರಿಗೆ ಅನಿಸುತ್ತದೆ. ನಿಟ್ಟುಸಿರೂ ಒಂದು ಸುಳಿವೇ. ‘ಹೂಂ’ ಎನ್ನುವುದರಲ್ಲೂ ಸರಿಯ ಹೂಂ ಬೇರೆ, ತಪ್ಪಿನ ಹೂಂ ಬೇರೆ. ಆದ್ದರಿಂದ ಸರಿಯಿರಲಿ ತಪ್ಪಿರಲಿ ಪೆನ್ನು ಒಂದೇ ವೇಗದಲ್ಲಿ ಓಡುತ್ತಿರಬೇಕು.

ಇದನ್ನು ಕೇಳುತ್ತಿದ್ದಾಗ ನನಗೆ ವ್ಯಾಸ–ಗಣಪತಿಯರ ಕಥೆ ಹೊಸದಾಗಿ ಅರ್ಥವಾಯಿತು. ಭಾರತ ಬರೆದುಕೊಳ್ಳಲು ಒಪ್ಪಿದ ಗಣಪತಿ ಹಾಕಿದ ಷರತ್ತು, ಲೇಖನಿ ನಿಲ್ಲಬಾರದು ಎಂದು. ವ್ಯಾಸರು ಹಾಕಿದ ಮರುಷರತ್ತು, ಅರ್ಥವಾಗದೆ ಬರೆಯಬಾರದು ಎಂದು. ಪುಣೆಯ ಭಂಡಾರಕರ್ ಸಂಸ್ಥೆಯ ಸಂಶೋಧಿತ ಮಹಾಭಾರತದ ಮೂಲಪಾಠದಲ್ಲಿ ಈ ಕಥೆಗೆ ಜಾಗವಿಲ್ಲ, ನಂತರ ಸೇರಿದ್ದು ಎಂದು ಪಂಡಿತರು ಬದಿಗಿಟ್ಟಿದ್ದಾರೆ. ಇರಲಿ, ಸೇರಿಸಿದವರು ಯಾರೋ ಲಿಪಿಕಾರರ ಸಂಕಟ ಬಲ್ಲವರು. ವಿದ್ಯೆಗೆ ಒಡೆಯನಾದ ವಿನಾಯಕನಿಗೆ ಗೊತ್ತಿಲ್ಲದ್ದು ಏನಿತ್ತು? ದ್ಯೂತದ ಸಭೆಯಲ್ಲಿ ಧರ್ಮರಾಯ ಹೆಂಡತಿಯನ್ನು ಪಣಕ್ಕಿಟ್ಟಾಗ ‘ಬೇಡ’ ಎಂದು ಒಂದು ಪದ ಸೇರಿಸಲು ಕೈ ತುರಿಸಿರಬೇಕು. ಅರ್ಥ ಮಾಡಿಕೊಂಡೇ ಬರೆದ, ತನ್ನದೊಂದು ಅಕ್ಷರವನ್ನೂ ಸೇರಿಸಲಿಲ್ಲ. ನಮ್ಮ ಕುಮಾರವ್ಯಾಸನಂತೂ ಗದುಗಿನ ವೀರನಾರಾಯಣನನ್ನು ಕವಿಯ ಪೀಠದಲ್ಲಿ ಕೂರಿಸಿ ತಾನು ಬರೆದುಕೊಳ್ಳುವವನು ಮಾತ್ರ ಎಂದು ಹೇಳಿಕೊಂಡ. ಅಂಥ ಮಹಾಕವಿಗೂ ಆ ಸ್ಥಾನ ಕಿರಿದೆನಿಸಲಿಲ್ಲ.

ಹಾಗಾದರೆ ಬರೆಯುವವರಿಗೆ ವಿವೇಕವೇ ಬೇಡವೇ, ಬರೀ ಯಂತ್ರವಾಗಬೇಕೇ? ಅಲ್ಲ. ಪ್ರಶ್ನೆಯನ್ನು ತಪ್ಪಾಗಿ ಓದದಿರುವುದು, ಅಭ್ಯರ್ಥಿ ಗೊಂದಲಗೊಂಡಾಗ ಗಡಿಬಿಡಿ ಮಾಡದಿರುವುದು, ಪ್ರಶ್ನೆಸಂಖ್ಯೆ ಸರಿಯಾಗಿ ಹಾಕುವುದು, ಅವರು ಹತ್ತು ವಾಕ್ಯ ಹೇಳಿದರೆ ಸೋಮಾರಿತನದಿಂದ ಐದಕ್ಕೆ ಇಳಿಸದಿರುವುದು, ಇವೆಲ್ಲ ವಿವೇಕದ ಕೆಲಸಗಳೇ. ತಿದ್ದಿ ಬರೆಯುವುದು ಎಷ್ಟು ಅಪಚಾರವೋ ಮೊಟಕುಗೊಳಿಸುವುದೂ ಅಷ್ಟೇ ಅಪಚಾರ. ಮೊದಲನೆಯದರ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಎರಡನೆಯದು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಸಾಹಿತ್ಯದ ವಿದ್ಯಾರ್ಥಿಯೊಬ್ಬ ಪದ ಪದ ಆಯ್ದು ಹೇಳಿದ ವಾಕ್ಯವನ್ನು ಬರೆಯುವವರು ತಮಗೆ ತೋಚಿದಂತೆ ಸರಳ ಮಾಡಿಬಿಟ್ಟರೆ ಅವನು ಯಾರ ಹತ್ತಿರ ದೂರು ಹೇಳಬೇಕು? ಅದು ನಡೆದದ್ದೇ ಅವನಿಗೆ ಗೊತ್ತಾಗುವುದಿಲ್ಲ. ಬರೆದದ್ದನ್ನು ಓದಿ ಹೇಳುವ ಅಭ್ಯಾಸ ಅದಕ್ಕೇ ಬೇಕು.

ಕಾನೂನಿನ ಮಾತನ್ನೂ ಒಂದಿಷ್ಟು ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಲಿಪಿಕಾರರ ನೆರವು ಯಾರದೋ ದಯೆಯಾಗಿ ಉಳಿದಿಲ್ಲ. ಬರೆಯುವಾಗ ಕೈ ಸೆಳೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ವಿಕಾಸ್ ಕುಮಾರ್ ಪ್ರಕರಣವೆಂದು ಹೆಸರಾದ ಅದರಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ಈ ನೆರವನ್ನು ನಿರಾಕರಿಸುವಂತಿಲ್ಲ ಎಂದಿತು. ಮರುವರ್ಷ ಅದಕ್ಕಾಗಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು. ಹಕ್ಕು ಎಂದ ಮೇಲೆ ಸ್ವಯಂಸೇವಕರಿಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಕೆಲಸ ಬಹಳವಿದೆ. ದಿಲ್ಲಿಯಲ್ಲಿ ಬರೆದ ಹಕ್ಕು ಬೆಳಗಾವಿಯದೋ ಕೋಲಾರದ್ದೋ ಒಂದು ಪರೀಕ್ಷಾ ಕೇಂದ್ರಕ್ಕೆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ತಲುಪಬೇಕಾದರೆ ಯಾರೋ ಒಬ್ಬರು ಆರಕ್ಕೆ ಎದ್ದು, ಸ್ನಾನ ಮಾಡಿ, ಗುರುತಿನ ಚೀಟಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಬೇಕು. ಕಾಯ್ದೆಗೆ ಕಾಲಿಲ್ಲ. ಪಡೆಯುವವರು ಕೃತಜ್ಞತೆಯಿಂದ ಬಾಗಬೇಕಾಗಿಲ್ಲ ಎಂಬುದೊಂದೇ ವ್ಯತ್ಯಾಸ. ಹಾಗೆ ಬಾಗದವರನ್ನು ಕಂಡಾಗ ಕೆಲವು ಹುಡುಗರಿಗೆ ಮುಜುಗರವಾಗುತ್ತದೆ. ‘ಥ್ಯಾಂಕ್ಸ್ ಕೂಡ ಹೇಳಲಿಲ್ಲ’ ಎಂದು ಮನೆಗೆ ಬಂದು ಗೊಣಗುತ್ತಾರೆ. ನಾಲ್ಕು ಗಂಟೆ ತಲೆಯನ್ನು ಹಿಂಡಿ ಹೊರಬಂದವರಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಒಂದು ಲೋಟ ನೀರು. ಪರೀಕ್ಷೆ ಮುಗಿಸಿ ಬಂದ ನಮ್ಮ ಮಕ್ಕಳು ಪೆನ್ನಿಗೆ ಧನ್ಯವಾದ ಹೇಳುತ್ತಾರೆಯೇ?

ಇನ್ನು ಮನೆಯ ಮಾತು. ಮಗಳು ಬಂದು ‘ನಾಳಿದ್ದು ಒಬ್ಬರಿಗೆ ಪರೀಕ್ಷೆ ಬರೆದುಕೊಡಲು ಹೋಗುತ್ತೇನೆ’ ಎಂದರೆ ನಮ್ಮ ಬಾಯಿಂದ ಮೊದಲು ಬರುವುದು ‘ನಿನ್ನ ಇಂಟರ್ನಲ್ಸ್ ಯಾವಾಗ?’ ಎಂಬ ಪ್ರಶ್ನೆ. ಅದು ತಪ್ಪಲ್ಲ. ಪರೀಕ್ಷೆಗಳ ಕಾಲ ಎಲ್ಲರಿಗೂ ಒಂದೇ ಆದ್ದರಿಂದ ಈ ಕೆಲಸಕ್ಕೆ ಜನ ಸಿಗದಿರುವುದಕ್ಕೆ ಮುಖ್ಯ ಕಾರಣ ಕಲ್ಲು ಮನಸ್ಸಲ್ಲ, ವೇಳಾಪಟ್ಟಿ. ತನ್ನ ಪರೀಕ್ಷೆ ಹತ್ತಿರವಿದ್ದರೆ ಹೋಗದಿರುವುದೇ ಸರಿ. ಆದರೆ ಬರುತ್ತೇನೆಂದು ಹೇಳಿ ಹೋಗದಿರುವುದಿದೆಯಲ್ಲ, ಅದಕ್ಕೆ ಕ್ಷಮೆಯಿಲ್ಲ. ಶ್ರಮದಾನಕ್ಕೆ ಒಬ್ಬ ಬಾರದಿದ್ದರೆ ರಸ್ತೆ ಒಂದಿಷ್ಟು ಕಡಿಮೆ ಚೊಕ್ಕಟವಾಗುತ್ತದೆ. ಇಲ್ಲಿ ಒಬ್ಬ ಬಾರದಿದ್ದರೆ ಇನ್ನೊಬ್ಬರ ಒಂದು ವರ್ಷ ಹೋಗುತ್ತದೆ. ಕೆಂಪು ಹೃದಯ ಒತ್ತುವ ಮೊದಲು ಕ್ಯಾಲೆಂಡರ್ ನೋಡುವುದನ್ನು ಮಕ್ಕಳಿಗೆ ಹೇಳಿಕೊಡುವವರು ನಾವೇ ಆಗಬೇಕು. ಆಗುವುದಿಲ್ಲ ಎಂದು ಶುಕ್ರವಾರವೇ ಹೇಳಿಬಿಟ್ಟರೆ ಅದೂ ಉಪಕಾರ. ಭಾನುವಾರ ರಾತ್ರಿ ಫೋನ್ ಎತ್ತದಿರುವುದು ಮಾತ್ರ ಯಾವ ಮನೆತನಕ್ಕೂ ಶೋಭೆಯಲ್ಲ.

ಪರೀಕ್ಷೆಗೆ ಎರಡು ದಿನ ಮೊದಲೇ ಅಭ್ಯರ್ಥಿ ತನ್ನ ಲಿಪಿಕಾರರನ್ನು ಭೇಟಿಯಾಗಿ ಇವರು ಆಗಬಹುದೇ ಎಂದು ನೋಡಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ಪರೀಕ್ಷಾ ಸಂಸ್ಥೆಯೇ ಲಿಪಿಕಾರರನ್ನು ಒದಗಿಸುವಾಗಿನ ಏರ್ಪಾಡು ಅದು, ನಾವಾಗಿ ಹೋಗುವಾಗಲೂ ಅನುಸರಿಸಿದರೆ ಒಳ್ಳೆಯದು. ಒಮ್ಮೆ ಕೂತು ಹಳೆಯ ಪ್ರಶ್ನೆಪತ್ರಿಕೆಯ ಎರಡು ಉತ್ತರ ಬರೆದು ನೋಡಿದರೆ ಇವರ ಮಾತಿನ ವೇಗ ಅವರಿಗೆ, ಅವರ ಕೈಯ ವೇಗ ಇವರಿಗೆ ತಿಳಿಯುತ್ತದೆ. ಆರಿಸಿಕೊಳ್ಳುವ ಅಧಿಕಾರ ಅವರದು ಎಂಬುದನ್ನು ಮರೆಯದಿದ್ದರೆ ಆಯಿತು. ‘ನಿಮ್ಮ ಅಕ್ಷರ ನನಗೆ ಸರಿಹೋಗಲಿಕ್ಕಿಲ್ಲ’ ಎಂದು ಅವರು ಬೇರೆಯವರನ್ನು ನೋಡಿಕೊಂಡರೆ, ಸೇವೆ ಮಾಡಲು ಹೋದವರು ತಿರಸ್ಕೃತರಾಗಿ ಬಂದಂತೆ ಆಗುತ್ತದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಅದೂ ಒಂದು ಒಳ್ಳೆಯ ಅನುಭವ.

ಕಂಪ್ಯೂಟರುಗಳು ಈ ಕೆಲಸವನ್ನು ಮೆಲ್ಲಗೆ ಹಂಚಿಕೊಳ್ಳುತ್ತಿವೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. ತಾವೇ ಟೈಪ್ ಮಾಡಿ ಪರೀಕ್ಷೆ ಬರೆಯಲು ನಮ್ಮ ಮಾರ್ಗಸೂಚಿಯಲ್ಲೂ ದಾರಿಯಿದೆ, ಹಿಂದಿನ ದಿನವೇ ಹೋಗಿ ಯಂತ್ರವನ್ನು ಪರೀಕ್ಷಿಸಿ ನೋಡಲೂಬಹುದು. ಎಲ್ಲರಿಗೂ ಅದು ಒದಗುವ ದಿನ ಬಂದರೆ ಯಾರ ಕೈಯನ್ನೂ ಕಾಯಬೇಕಾಗಿಲ್ಲ, ನಮ್ಮ ಹುಡುಗರಿಗೆ ಬೇರೆ ಕೆಲಸ ಹುಡುಕಿದರಾಯಿತು. ಹಳ್ಳಿಯ ಕಡೆಯ ಕಾಲೇಜುಗಳಲ್ಲಿ ಕರೆಂಟು, ಯಂತ್ರ, ಕಲಿಸುವವರು ಮೂರೂ ಒಂದೇ ಹೊತ್ತಿಗೆ ಕೂಡಿಬರುವ ತನಕ ಮಾತ್ರ ಪೆನ್ನು ಹಿಡಿಯುವ ಬೆರಳುಗಳು ಬೇಕು.

ಅಲ್ಲಿಯವರೆಗೆ ಪ್ರತಿ ಕಾಲೇಜಿನ ಎನ್ನೆಸ್ಸೆಸ್ ಘಟಕ ಒಂದು ನೋಟ್‌ಪುಸ್ತಕ ಇಟ್ಟರೆ ಸಾಕು ಎಂದು ನನ್ನ ಎಣಿಕೆ. ಯಾರ ಅಕ್ಷರ ದುಂಡಗಿದೆ, ಕನ್ನಡದಲ್ಲಿ ಬರೆಯಬಲ್ಲವರು ಯಾರು, ಇಂಗ್ಲಿಷಿನಲ್ಲಿ ಯಾರು, ಗಣಿತದ ಚಿಹ್ನೆಗಳನ್ನು ತಡವರಿಸದೆ ಓದುವವರು ಯಾರು, ವಾರದ ಯಾವ ದಿನ ಯಾರಿಗೆ ಬೆಳಗಿನ ತರಗತಿ ಇಲ್ಲ, ಸ್ವಂತ ಪರೀಕ್ಷೆ ಯಾವ ತಾರೀಖಿನಿಂದ. ಹೋದವರಿಗೆ ಅಂದಿನ ಹಾಜರಿ ಕೊಟ್ಟು, ಆ ನಾಲ್ಕು ಗಂಟೆಯನ್ನು 240ರ ಲೆಕ್ಕಕ್ಕೆ ಸೇರಿಸಿಕೊಳ್ಳಲು ಪ್ರಾಂಶುಪಾಲರೂ ಕಾರ್ಯಕ್ರಮಾಧಿಕಾರಿಯೂ ಒಪ್ಪಿದರೆ ಅರ್ಧ ಕೆಲಸ ಆದಂತೆ. ಊರಿನ ಅಂಧರ ಸಂಘಕ್ಕೂ ಪಕ್ಕದ ಕಾಲೇಜುಗಳಿಗೂ ಈ ಪಟ್ಟಿ ಯಾರ ಹತ್ತಿರ ಇದೆ ಎಂದು ಜೂನ್‌ನಲ್ಲೇ ತಿಳಿಸಿಟ್ಟರೆ ಭಾನುವಾರ ಸಂಜೆಯ ಪರದಾಟ ಕಡಿಮೆಯಾದೀತು. ಪುಸ್ತಕದಲ್ಲಿ ಇನ್ನೊಂದು ಅಂಕಣಕ್ಕೂ ಗೆರೆ ಹಾಕಿಡಿ ಎಂದಳು ನಮ್ಮ ಬೀದಿಯ ಹುಡುಗಿ: ಯಾರ ಮನೆಯಲ್ಲಿ ಸ್ಕೂಟರ್ ಇದೆ, ಮತ್ತು ಅದನ್ನು ಕೇಳಿದರೆ ಅಪ್ಪ ಕೊಡುತ್ತಾರೆಯೇ.